ಬ್ಯಾಕ್‌ಲಾಗ್ ಮೇಡಂ ಬಂದ ಭಾನುವಾರ

ಮೇಡಂ ಅವರ ಎಡಗಿವಿಯ ಹಿಂದೆ ಮಾಸಲು ಬಣ್ಣದ ಶ್ರವಣಯಂತ್ರವೊಂದು ಕೂತಿರುತ್ತಿತ್ತು. ಆಗಾಗ ಅದು ಕುಂಯ್ ಎಂದು ಶಿಳ್ಳೆ ಹಾಕುತ್ತಿತ್ತು. ಆಗ ಅದನ್ನು ಕಿತ್ತು ಮೇಜಿನ ಮೇಲಿಟ್ಟು, ಕುತ್ತಿಗೆಯನ್ನು ಪೂರ್ತಿ ಹೊರಳಿಸಿ, ಬಲಗಿವಿಯನ್ನು ನಮ್ಮ ಮುಖಕ್ಕೆ ಒಡ್ಡುತ್ತಿದ್ದರು. “ಈ ಕಿವಿಗೆ ಹೇಳೇ ಮಾರಾಯ್ತಿ. ಆ ಕಿವಿ ರಜಾ ಹಾಕಿದೆ.” ಎಷ್ಟು ಪೇಪರ್ ಹೋಗಿದೆ ಎಂದು ಪಿಸುಗುಟ್ಟಿ ತಪ್ಪಿಸಿಕೊಳ್ಳೋಣವೆಂದು ಬಂದವರು ಕೂಗಿ ಹೇಳಬೇಕಾಗುತ್ತಿತ್ತು. ಕಾರಿಡಾರಿನಲ್ಲಿ ಹೋಗುವವರಿಗೂ ಕೇಳಿಸುತ್ತಿತ್ತು. ಒಮ್ಮೆ ಕೂಗಿಬಿಟ್ಟ ಮೇಲೆ ಅರ್ಧ ನಾಚಿಕೆ ಅಲ್ಲೇ ಕಳೆದುಹೋಗುತ್ತಿತ್ತು.

ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರದ ಅಧ್ಯಾಪಕಿ. ಫೇಲಾದವರನ್ನು, ಹಾಜರಾತಿ ಕಡಿಮೆಯಾದವರನ್ನು ಕರೆಸಿ ಮಾತಾಡುವ ಕೆಲಸವನ್ನೂ ಅವರಿಗೇ ಅಂಟಿಸಿದ್ದರು. ಕೋಣೆಯ ಬಾಗಿಲಿಗೆ ‘ವಿದ್ಯಾರ್ಥಿ ಸಲಹಾ ಕೇಂದ್ರ’ ಎಂಬ ಬೋರ್ಡಿತ್ತು. ನಮ್ಮ ಬಾಯಲ್ಲಿ ಮಾತ್ರ ಅವರು ಬ್ಯಾಕ್‌ಲಾಗ್ ಮೇಡಂ. ಆ ಹೆಸರು ಅವರಿಗೂ ಗೊತ್ತಿತ್ತು. ಒಮ್ಮೊಮ್ಮೆ ಫೋನ್ ಎತ್ತಿ, “ಹಾಂ, ಬ್ಯಾಕ್‌ಲಾಗ್ ಮೇಡಮ್ಮೇ ಮಾತಾಡ್ತಿರೋದು” ಎನ್ನುತ್ತಿದ್ದರು.

ನಾನು ಭದ್ರಾವತಿಯ ಕಾಗದನಗರದವಳು. ಕಾಗದದ ಕಾರ್ಖಾನೆ ನಿಂತ ಮೇಲೆ ಅಪ್ಪ ಬೇರೆ ಊರಿನಲ್ಲಿ ಕೆಲಸ ಹಿಡಿದಿದ್ದರು, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದರು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವಳು ಇಂಗ್ಲಿಷಿನಲ್ಲಿದ್ದ ಪಿಯುಸಿಯನ್ನು ಉರುಹೊಡೆದು ದಾಟಿದ್ದೆ. ಬಿ.ಎಸ್ಸಿ.ಯಲ್ಲಿ ಆ ಆಟ ನಡೆಯಲಿಲ್ಲ. ಮೊದಲ ವರ್ಷ ಮುಗಿಯುವಷ್ಟರಲ್ಲಿ ನಾಲ್ಕು ಪೇಪರ್ ಹೋಗಿದ್ದವು. ಮನೆಯಲ್ಲಿ ಎಲ್ಲ ಪಾಸು ಎಂದು ಹೇಳಿದೆ. ಆಮೇಲೆ ತರಗತಿಗೆ ಹೋಗಿ ಕೂರುವುದೇ ಕಷ್ಟವಾಯಿತು. ದಿನಾ ಬೆಳಿಗ್ಗೆ ಶಿವಮೊಗ್ಗದ ಬಸ್ ಹತ್ತುತ್ತಿದ್ದೆ. ಇಳಿದ ಮೇಲೆ ಕಾಲು ಕಾಲೇಜಿನ ಕಡೆ ಏಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರು ಕಾಯುವ ಕೋಣೆಯಲ್ಲಿ ಕೂತು, ಅಲ್ಲೇ ಡಬ್ಬಿ ತಿಂದು, ಮೂರು ಗಂಟೆಯ ಬಸ್ಸಿಗೆ ವಾಪಸಾಗುತ್ತಿದ್ದೆ.

ಮೂರನೇ ಸೆಮಿಸ್ಟರಿನ ಕೊನೆಗೆ, ಹಾಜರಾತಿ ಸಾಲದೆ ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿ ಬಂತು. ಅದರಲ್ಲಿ ನನ್ನ ಹೆಸರಿತ್ತು. ಮೇಡಂ ಕರೆಸಿದರು. ನಾನು ಸುಳ್ಳೊಂದನ್ನು ಸಿದ್ಧಮಾಡಿಕೊಂಡೇ ಹೋಗಿದ್ದೆ.

“ಅಮ್ಮ ಹಾಸಿಗೆ ಹಿಡಿದಿದಾರೆ ಮೇಡಂ. ಎರಡು ತಿಂಗಳಾಯ್ತು,” ಎಂದು ಅವರ ಬಲಗಿವಿಗೆ ಕೂಗಿ ಹೇಳಿದೆ.

ಅವರು ನನ್ನ ಕೈ ಹಿಡಿದುಕೊಂಡರು. “ಅಯ್ಯೋ ಮಗಳೇ, ಅಡುಗೆ ಯಾರು ಮಾಡ್ತಾರೆ?”

“ನಾನೇ.”

ಆಗಲೇ ಪೆನ್ನು ತೆಗೆದು, ನನ್ನ ಹಾಜರಾತಿಯ ಕೊರತೆಯನ್ನು ಮನ್ನಿಸಬೇಕೆಂದು ಪ್ರಿನ್ಸಿಪಾಲರಿಗೆ ಪತ್ರ ಬರೆದರು. ಬದುಕಿದೆ ಎಂದುಕೊಂಡು ಮನೆಗೆ ಬಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಹಬ್ಬ ಹತ್ತಿರವಿತ್ತು. ಹಾಸಿಗೆ ಹಿಡಿದಿದ್ದ ನನ್ನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲ್ ಮೇಲೆ ನಿಂತು, ಕೋಲಿಗೆ ಪೊರಕೆ ಕಟ್ಟಿ ಜೇಡರಬಲೆ ಹೊಡೆಯುತ್ತಿದ್ದಳು. ಗೇಟು ಸದ್ದಾಯಿತು.

“ಯಾರು ಬಂದ್ರು ನೋಡೇ!” ಎಂದಳು ಮೇಲಿನಿಂದಲೇ.

ಬಾಗಿಲಲ್ಲಿ ಮೇಡಂ ನಿಂತಿದ್ದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ರೋಗಿಗೆಂದು ತಂದ ಮೋಸಂಬಿಯ ಚೀಲ. ಅವರು ಸ್ಟೂಲಿನ ಮೇಲಿದ್ದ ಅಮ್ಮನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ನಾನು ನಿಮ್ಮ ಮಗಳ ಕಾಲೇಜಿನವಳು,” ಎಂದರು. “ಇಲ್ಲೇ ಓಲ್ಡ್ ಟೌನಿಗೆ ಬಂದಿದ್ದೆ. ಹಾಗೇ ನಿಮ್ಮನ್ನೂ ನೋಡ್ಕೊಂಡು ಹೋಗೋಣ ಅಂತ.”

ಅಮ್ಮನಿಗೆ ಸಂಭ್ರಮವೋ ಸಂಭ್ರಮ. ಕೆಳಗೆ ಜಿಗಿದು, ಕೈತೊಳೆದು, ಹತ್ತು ನಿಮಿಷದಲ್ಲಿ ಉಪ್ಪಿಟ್ಟು ಮಾಡಿದಳು. ತಟ್ಟೆ ಕೈಗಿಡುತ್ತಾ ಕೇಳಿಯೇಬಿಟ್ಟಳು: “ಹೇಗೆ ಓದ್ತಾಳೆ ಮೇಡಂ? ಎಲ್ಲದ್ರಲ್ಲೂ ಪಾಸಾಗಿದೆ ಅಂದ್ಲು.”

ಮೇಡಂ ಉಪ್ಪಿಟ್ಟಿನಲ್ಲಿದ್ದ ಕರಿಬೇವಿನ ಎಲೆಯೊಂದನ್ನು ತಟ್ಟೆಯ ಅಂಚಿಗೆ ಸರಿಸಿದರು. “ಅದನ್ನ ಅವಳೇ ಹೇಳ್ತಾಳೆ. ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.”

ಅವರನ್ನು ಬಸ್ ಸ್ಟಾಪಿಗೆ ಬಿಡಲು ಹೊರಟವಳು ದಾರಿಯುದ್ದಕ್ಕೂ ಅತ್ತೆ. ಅವರು ಬೈಯಲಿಲ್ಲ. ಸ್ಟಾಪಿನ ಕಟ್ಟೆಯ ಮೇಲೆ ಕೂತು ಹೇಳಿದರು: “ನಾಳೆ ಆ ಪತ್ರ ವಾಪಸ್ ತಗೋತೀನಿ.”

“ಮೇಡಂ, ಒಂದು ವರ್ಷ ಹೋಗುತ್ತೆ.”

“ಹೋಗುತ್ತೆ. ಗೊತ್ತು ನನಗೆ.” ಕೊಡೆಯನ್ನು ಮಡಿಲ ಮೇಲಿಟ್ಟುಕೊಂಡರು. “ನನ್ನ ಸಹಿ ನಂಬ್ಕೊಂಡು ಇನ್ನೂ ಮೂರು ಜನ ಕಾಯ್ತಿದಾರೆ ಕಣೇ. ಅದ್ರಲ್ಲಿ ಒಬ್ಬಳ ತಾಯಿ ನಿಜವಾಗ್ಲೂ ಆಸ್ಪತ್ರೇಲಿದಾರೆ. ನಿನ್ನದು ಸುಳ್ಳು ಅಂತ ಗೊತ್ತಾದ್ರೆ ಅವಳದ್ದನ್ನೂ ಯಾರೂ ನಂಬಲ್ಲ.”

ನಾನು ದುಪ್ಪಟ್ಟಾದಿಂದ ಮುಖ ಒರೆಸಿಕೊಂಡೆ.

“ಇಷ್ಟು ದಿನ ಎಲ್ಲಿರ್ತಿದ್ದೆ?”

“ಬಸ್ ಸ್ಟ್ಯಾಂಡಲ್ಲಿ.”

“ಊಟ?”

“ಅಲ್ಲೇ.”

“ಒಬ್ಬಳೇ?”

“ಹೂಂ.”

ಸುಳ್ಳು ಸಿಕ್ಕಿಬಿದ್ದಾಗ ಕದಲದಿದ್ದ ಅವರ ಕಣ್ಣು ಆಗ ತುಂಬಿಬಂತು. ಬಸ್ ಬಂತು. ಹತ್ತಿ, ಕಿಟಕಿಯಿಂದ ಕೂಗಿದರು: “ಮೊದಲು ಅಮ್ಮನಿಗೆ ಹೇಳು. ಮಂಗಳವಾರ ಒಂದೂವರೆಗೆ ಕೋಣೆಗೆ ಬಾ. ಡಬ್ಬಿ ತಗೊಂಡು ಬಾ.”

ಅಮ್ಮನಿಗೆ ಅವತ್ತು ಮಧ್ಯಾಹ್ನವೇ ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಮೋಸಂಬಿಯೊಂದನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಳು. “ಯಾವ ಕಾಯಿಲೆ ಅಂದೆ ನನಗೆ?” ಎಂದು ಕೇಳಿದಳು. ಹೆಸರೇನೂ ಹೇಳಲಿಲ್ಲ ಎಂದೆ. ಎದ್ದು ಹೋದವಳು ಎರಡು ದಿನ ಮಾತಾಡಲಿಲ್ಲ. ಮಂಗಳವಾರ ಬೆಳಿಗ್ಗೆ ನೋಡಿದರೆ ಎರಡು ಡಬ್ಬಿ ಕಟ್ಟಿಟ್ಟಿದ್ದಳು. “ಒಂದು ಅವರಿಗೆ,” ಎಂದಳು.

ಮೇಡಂ ಹೇಳಿದಂತೆ ಪತ್ರ ವಾಪಸ್ ತೆಗೆದುಕೊಂಡಿದ್ದರು. ಒಂದು ವರ್ಷ ಹೋಯಿತು. ಆ ಇಡೀ ವರ್ಷ ವಾರಕ್ಕೆ ಮೂರು ದಿನ, ಊಟದ ಬಿಡುವಿನಲ್ಲಿ, ಅವರ ಕೋಣೆಯಲ್ಲಿ ಕೂತೆ. ಮೊದಲ ದಿನವೇ ಹೇಳಿದರು: “ನನಗೆ ನಿನ್ನ ಗಣಿತ ಬರಲ್ಲ. ನೀನೇ ಹೇಳ್ಕೊಡು.” ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟರು. ನಾನು ಒಂದೊಂದನ್ನೇ ವಿವರಿಸುತ್ತಾ ಹೋದೆ. ಒಂದು ಬಗೆಯ ಪ್ರಶ್ನೆ ಬಂದಾಗಲೆಲ್ಲ ದಾಟಿಬಿಡುವುದನ್ನು ಅವರು ಗಮನಿಸಿದರು.

“ಇದನ್ನ ಯಾಕೆ ಬಿಟ್ಟೆ?”

‘ಹೆನ್ಸ್ ಡಿಡ್ಯೂಸ್’ ಎಂದು ಶುರುವಾಗುವ ಪ್ರಶ್ನೆ. ಅದು ನನ್ನಿಂದ ಏನು ಕೇಳುತ್ತಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಕೇಳಿದರೆ ನಗುತ್ತಾರೆಂದು ಯಾರನ್ನೂ ಕೇಳಿರಲಿಲ್ಲ.

“ಮೇಲೆ ಸಾಧಿಸಿದ್ದನ್ನ ಹಿಡ್ಕೊಂಡು ಮುಂದಕ್ಕೆ ಹೋಗು ಅಂತ. ಅಷ್ಟೇ.”

“ಅಷ್ಟೇನಾ ಮೇಡಂ?”

“ಅಷ್ಟೇ ಕಣೇ!” ಎಂದು ಮೇಜು ಕುಟ್ಟಿ ನಕ್ಕರು. ಅಮ್ಮನ ಡಬ್ಬಿಯ ಚಿತ್ರಾನ್ನ ಅವರ ನೆತ್ತಿಗೇರಿತು. ಅಂಥ ಪದಗಳಿಗೆಂದೇ ಒಂದು ಸಣ್ಣ ನೋಟ್‌ಬುಕ್ ಮಾಡಿಸಿದರು. ನಾಲ್ಕು ಬ್ಯಾಕ್‌ಲಾಗನ್ನೂ ಒಟ್ಟಿಗೆ ಬರೆಯುತ್ತೇನೆಂದು ಹಟ ಹಿಡಿದಾಗ ಬಿಡಲಿಲ್ಲ. “ಎರಡು ಬರಿ. ಫೇಲಾದವರಿಗೇ ಅವಸರ ಜಾಸ್ತಿ.” ಎರಡು ಬರೆದೆ, ಪಾಸಾದೆ. ಉಳಿದೆರಡು ಮುಂದಿನ ಸಲ ಮುಗಿದವು.

ಎಲ್ಲರನ್ನೂ ಅವರು ದಡ ಸೇರಿಸಿದರೆಂದಲ್ಲ. ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋಗು ಎಂದು ಹುಡುಗಿಯೊಬ್ಬಳಿಗೆ ಸಲಹೆ ಕೊಟ್ಟಿದ್ದರಂತೆ. ಅವಳು ಕಾಲೇಜನ್ನೇ ಬಿಟ್ಟಳು. “ನಾನು ಅವಳನ್ನ ಕೇಳ್ಲೇ ಇಲ್ಲ, ಹೇಳ್ಬಿಟ್ಟೆ,” ಎಂದರು ಒಮ್ಮೆ, ಊಟ ನಿಲ್ಲಿಸಿ. ಕಾಲೇಜು ಬಿಡುತ್ತೇನೆಂದು ಆ ಹುಡುಗಿ ಬರೆದ ಅರ್ಜಿ ಅವರ ಡ್ರಾಯರಿನಲ್ಲೇ ಇತ್ತು.

ನಾನೀಗ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮಗು ಲೆಕ್ಕ ತಪ್ಪಿದಾಗ, ಪ್ರಶ್ನೆಯನ್ನು ನಿನ್ನ ಮಾತಲ್ಲಿ ಹೇಳು ಎಂದು ಮೊದಲು ಕೇಳುವುದನ್ನು ಅವರಿಂದ ಕಲಿತೆ.

ಹೋದ ವರ್ಷ ಮೇಡಂ ತೀರಿಕೊಂಡರು. ಸುದ್ದಿ ತಿಳಿದು ಶಿವಮೊಗ್ಗದ ಹೊಸಮನೆ ಬಡಾವಣೆಯ ಅವರ ಮನೆಗೆ ಹೋದಾಗ ಅಂಗಳದಲ್ಲಿ ಜಾಗವಿರಲಿಲ್ಲ. ರಸ್ತೆಯ ಆಚೆಬದಿಯವರೆಗೂ ಜನ ನಿಂತಿದ್ದರು. ಪಕ್ಕದಲ್ಲಿದ್ದ, ನಲವತ್ತು ದಾಟಿದ ಬ್ಯಾಂಕ್ ಉದ್ಯೋಗಿಯೊಬ್ಬರು ತಗ್ಗಿದ ದನಿಯಲ್ಲಿ ಕೇಳಿದರು: “ನಿಮ್ದು ಎಷ್ಟಿತ್ತು?”

“ನಾಲ್ಕು,” ಎಂದೆ.

“ನಂದು ಏಳು,” ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮೇಡಂ ಮದುವೆಯಾಗಿರಲಿಲ್ಲ. ಬೇರೆ ಊರಿನಿಂದ ಬಂದಿದ್ದ ಅವರ ಅಣ್ಣನಿಗೆ ಆ ಗುಂಪು ಕಂಡು ದಿಗಿಲಾಗಿತ್ತು. ನಮ್ಮ ಹತ್ತಿರ ಬಂದು, “ನೀವೆಲ್ಲ ಯಾರು? ಅವಳ ಹತ್ರ ಓದಿ ರ‍್ಯಾಂಕ್ ಬಂದವರಾ?” ಎಂದು ಕೇಳಿದರು.

“ಇಲ್ಲ ಸಾರ್,” ಎಂದರು ಆ ಬ್ಯಾಂಕಿನವರು. “ನಾವು ಫೇಲಾದವರು.”

ಸುತ್ತ ನಿಂತಿದ್ದವರಲ್ಲಿ ಒಬ್ಬರೂ ತಲೆ ತಗ್ಗಿಸಲಿಲ್ಲ.