ರೊಕ್ಕ ಕೊಟ್ಟ ಗುಳಿಗಿ

ನಮ್ಮ ಮಾವ ಗುಳಿಗೆ ನುಂಗುವುದನ್ನು ನೀವು ನೋಡಬೇಕಿತ್ತು. ನೀರು ಕುಡಿಯುವ ಕೋಳಿಯ ಹಾಗೆ ಕತ್ತು ಮೇಲೆತ್ತಿ, ಕಣ್ಣು ಮುಚ್ಚಿ, ಗಂಟಲಮಣಿ ಒಮ್ಮೆ ಮೇಲೇರಿ ಕೆಳಗಿಳಿಯುವವರೆಗೆ ಹಾಗೇ ಕೂತಿರುತ್ತಿದ್ದರು. ಆಮೇಲೆ ಎದೆಯ ಮೇಲೆ ಅಂಗೈ ಇಟ್ಟು ಪಡಸಾಲೆಯಲ್ಲಿದ್ದವರನ್ನೆಲ್ಲ ಒಂದು ಸುತ್ತು ನೋಡುತ್ತಿದ್ದರು. ಯಾರೂ ಇಲ್ಲದಿದ್ದರೆ ಅಡುಗೆಮನೆಯಿಂದ ನನ್ನನ್ನು ಕರೆಯುತ್ತಿದ್ದರು. ಆಗೆಲ್ಲ ನೋಡುವವರಿಲ್ಲದೆ ಅವರು ಏನನ್ನೂ ನುಂಗಿದವರಲ್ಲ.

ಶಹಾಪುರದಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಹತ್ತಿಯ ದರ್ಜೆ ನೋಡಿ ಬೆಲೆ ಹೇಳುವ ಮುನೀಮರಾಗಿದ್ದರು. ಹತ್ತಿಯನ್ನು ಎರಡು ಬೆರಳಲ್ಲಿ ಎಳೆದು ನೋಡಿದರೆ ಸಾಕು, ಎರಡನೇ ಮಾತಿಲ್ಲ. ಅಲ್ಲಿಂದ ನಿವೃತ್ತರಾದ ಮೇಲೆ ಲೋಕವನ್ನೆಲ್ಲ ಹಾಗೇ ಎಳೆದು ನೋಡುತ್ತಿದ್ದರು. “ಕಿಮ್ಮತ್ ಇಲ್ಲದ್ದು ಮಾಲೇ ಅಲ್ಲ” ಎನ್ನುವುದು ಅವರ ಮಾತು. ನಾನು ಗೋಗಿ ಕಡೆಯ ಹಳ್ಳಿಯೊಂದರ ಸರ್ಕಾರಿ ದವಾಖಾನೆಯಲ್ಲಿ ನರ್ಸ್. ಅಲ್ಲಿ ಎಲ್ಲವೂ ಪುಕ್ಕಟೆ. ಹಾಗಾಗಿ ಅವರ ಲೆಕ್ಕದಲ್ಲಿ ನನ್ನ ಕೆಲಸಕ್ಕೂ ಕಿಮ್ಮತ್ತಿಲ್ಲ, ನನಗೂ ಇಲ್ಲ. ಗಂಡನಿಗೆ ಇದನ್ನು ಹೇಳಿದರೆ ಅವರು ಯಾದಗಿರಿ ಬಸ್ಸಿನ ಹೊತ್ತಾಯಿತು ಎಂದು ಚಪ್ಪಲಿ ಹುಡುಕುತ್ತಿದ್ದರು.

ಒಂದು ಮುಂಜಾನೆ ಚಹಾ ಕುಡಿಯುವಾಗ ಮಾವನ ಬಾಯಿಯ ಎಡತುದಿಯಿಂದ ಚಹಾ ಸೋರಿತು. ಅವರಿಗೆ ತಿಳಿಯಲೇ ಇಲ್ಲ. ಮಧ್ಯಾಹ್ನದೊಳಗೆ ಸರಿಹೋದರೂ ಅದು ಲಕ್ವದ ಮುನ್ಸೂಚನೆ ಎಂದು ನನಗೆ ಗೊತ್ತಿತ್ತು. ಬಿಪಿ ನೋಡಿದರೆ ಮುಗಿಲು ಮುಟ್ಟಿತ್ತು. ನಮ್ಮ ಡಾಕ್ಟರು ದಿನಾ ಗುಳಿಗೆ, ಅದೂ ಜೀವನಪೂರ್ತಿ ಎಂದರು. ನಾನು ನಮ್ಮ ದವಾಖಾನೆಯ ಗುಳಿಗೆ ತಂದುಕೊಟ್ಟೆ. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ಪುಕ್ಕಟೆ ಬಂದದ್ದೇನು?”

“ಹೌದ್ರಿ.”

“ಹಂಗಾದ್ರ ಇದರಾಗ ಸುಣ್ಣ ಅದ.” ಬಚ್ಚಲಿಗೆ ಎಸೆದರು. ಬಸ್‌ಸ್ಟ್ಯಾಂಡಿನ ಹತ್ತಿರದ ಖಾಸಗಿ ಡಾಕ್ಟರ ಬಳಿ ಹೋಗಿ ಒಂದು ಬಾಟಲಿ ಸಲಾಯಿನ್ ಏರಿಸಿಕೊಂಡು, ಕೈಗೆ ಹತ್ತಿ ಅಂಟಿಸಿಕೊಂಡು, ಓಣಿಯವರಿಗೆಲ್ಲ ಕಾಣುವಂತೆ ತೋಳು ಮಡಚಿ ಬಂದರು. ಅಲ್ಲಿ ಕೊಟ್ಟ ಗುಳಿಗೆಗಳು ಮುಗಿದ ಮೇಲೆ ಮತ್ತೆ ತರಲಿಲ್ಲ. ಆರಾಮಾದ ಮೇಲೆ ಗುಳಿಗೆ ಯಾಕೆ ಎಂದರು.

ಇಂಥ ಮನುಷ್ಯನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಕಲಬುರಗಿಯ ದೊಡ್ಡ ಡಾಕ್ಟರು ಬರೆದುಕೊಟ್ಟಿದ್ದಾರೆ, ಬಹಳ ತುಟ್ಟಿಯ ಔಷಧ ಎಂದು ಹೇಳಿ, ಅದೇ ಸರ್ಕಾರದ ಗುಳಿಗೆಗಳನ್ನು ಬಿಡಿಸಿ ಮೆಡಿಕಲ್ ಅಂಗಡಿಯ ಕವರಿಗೆ ಹಾಕಿ ಕೊಟ್ಟೆ. ರೊಕ್ಕವನ್ನೂ ಕೇಳಿ ಇಸಿದುಕೊಂಡೆ. ಅವರ ಮುಖ ಅರಳಿತು. “ಇದು ನೋಡು ಔಷಧ! ನಾಲಿಗಿ ಮ್ಯಾಲ ಇಟ್ಟ ಕೂಡ್ಲೇ ತಾಕತ್ತು ತಿಳೀತದ.” ಬಿಪಿ ಇಳಿಯಿತು. ಆ ರೊಕ್ಕದಲ್ಲಿ ಅವರಿಗೇ ಹೆಚ್ಚಿನ ಹಾಲು ತರುತ್ತಿದ್ದೆ. ಹಾಲು ನೀರಾಗಿದೆ ಎಂದು ಅದಕ್ಕೂ ಬೈಯುತ್ತಿದ್ದರು.

ಅದೇ ಹೊತ್ತಿಗೆ ಊರಲ್ಲಿ ಚರ್ಚೆಯ ಹುಚ್ಚು ಹತ್ತಿತು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಇರಬೇಕೋ ಬೇಡವೋ ಎಂದು ಟಿವಿಯಲ್ಲಿ ಕಿರುಚಾಡುತ್ತಿದ್ದರು, ಚಹಾದಂಗಡಿಯಲ್ಲಿ ಕಿರುಚಾಡುತ್ತಿದ್ದರು. ಕೊನೆಗೆ ನಮ್ಮ ಊರಿನ ಒಂದು ವೇದಿಕೆಯವರು ಮದುವೆ ಹಾಲ್ ಹಿಡಿದು ಬಹಿರಂಗ ಸಂವಾದ ಇಟ್ಟರು. ಕುರ್ಚಿ ತುಂಬಿಸಲು ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ಟಂಟಂ ಆಟೋದಲ್ಲಿ ತುಂಬಿಕೊಂಡು ಬಂದಿದ್ದರು. ಅವರಿಗೆ ಒಂದು ಪ್ಯಾಕೆಟ್ ಉಪ್ಪಿಟ್ಟು, ಸ್ಟೇಜಿನ ಮೇಲಿದ್ದವರಿಗೆ ಶಾಲು. ಇರಬೇಕು ಎಂದು ವಾದಿಸಿದ ಮುಖಂಡರು “ಆರೋಗ್ಯ ನಮ್ಮ ಹಕ್ಕು” ಎಂದು ಮೇಜು ಕುಟ್ಟಿದರು. ತಮ್ಮ ಮೊಣಕಾಲನ್ನು ಹೈದರಾಬಾದಿನ ಖಾಸಗಿ ಆಸ್ಪತ್ರೆಯಲ್ಲಿ ರಿಪೇರಿ ಮಾಡಿಸಿಕೊಂಡು ಬಂದು ಇನ್ನೂ ಕುಂಟುತ್ತಿದ್ದ ಮಹಾಶಯರು ಅವರು. ಬೇಡ ಎಂದು ವಾದಿಸಲು ಎದ್ದವರು ನಮ್ಮ ಮಾವ.

“ಪುಕ್ಕಟೆ ಕೊಟ್ರ ಮಂದಿ ಕೆಡ್ತಾರ್ರಿ. ಸರ್ಕಾರದ ಗುಳಿಗ್ಯಾಗ ಏನದ? ಸುಣ್ಣ ಅದ, ಸುಣ್ಣ!” ಅಂಗಿಯ ಜೇಬಿನಿಂದ ಆ ಕವರನ್ನು ತೆಗೆದು ಮೇಲೆತ್ತಿ ಹಿಡಿದರು. “ಇಗಾ ನೋಡ್ರಿ, ನಾ ರೊಕ್ಕ ಕೊಟ್ಟು ತಿನ್ನೋ ಗುಳಿಗಿ. ಈ ವಯಸ್ಸಿನ್ಯಾಗ ಹೆಂಗ ನಿಂತೀನಿ, ನೀವ ನೋಡ್ರಿ!”

ಹಾಲ್ ಚಪ್ಪಾಳೆಯಿಂದ ತುಂಬಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ವೇದಿಕೆಯ ಅಧ್ಯಕ್ಷರು. ನಾನು ಹಿಂದಿನ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಎದ್ದು ನಿಜ ಹೇಳಿದರೆ ನಾಳೆಯಿಂದ ಈ ಹಟಮಾರಿ ಗುಳಿಗೆ ಬಿಡುತ್ತಾನೆ, ಮತ್ತೆ ಬಾಯಿ ಸೊಟ್ಟಗಾಗುತ್ತದೆ. ಹೋಗಲಿ, ಸುಳ್ಳು ನಂಬಿಕೊಂಡಾದರೂ ಬದುಕಿರಲಿ ಎಂದು ಸುಮ್ಮನಾದೆ.

ಆದರೆ ಅವರ ಮಾತನ್ನು ನಂಬುವವರೂ ಆ ಹಾಲಿನಲ್ಲಿದ್ದರು. ನಮ್ಮ ದವಾಖಾನೆಯ ಊರಿನಲ್ಲಿ ಹತ್ತಿ ಬಿಡಿಸಲು ಹೋಗುವ ಒಬ್ಬ ಅಕ್ಕ ಇದ್ದಾಳೆ. ಅವಳಿಗೂ ಬಿಪಿ, ಅವಳಿಗೂ ಅದೇ ಗುಳಿಗೆ. ಕುರ್ಚಿ ತುಂಬಿಸಲು ಬಂದ ಟಂಟಂನಲ್ಲಿ ಅವಳೂ ಇದ್ದಳು. ತಪ್ಪದೆ ದವಾಖಾನೆಗೆ ಬರುತ್ತಿದ್ದವಳು ಸಂವಾದದ ಮುಂದಿನ ತಿಂಗಳು ಬರಲಿಲ್ಲ. ಮನೆಗೆ ಹೋದೆ. ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಬಿಪಿ ನೋಡಿದರೆ ಅಂದು ಮಾವನಿಗಿದ್ದದ್ದಕ್ಕಿಂತ ಹೆಚ್ಚಿತ್ತು.

“ಗುಳಿಗಿ ಯಾಕ ಬಿಟ್ಟಿ ಅಕ್ಕ?”

“ನಿಮ್ಮ ಮಾವನೇ ಹೇಳ್ಯಾರಲ್ರಿ, ಅದರಾಗ ಸುಣ್ಣ ಅದ ಅಂತ. ರೊಕ್ಕ ಕೂಡಿಸಾಕತ್ತೀನಿ. ಆದ ಮ್ಯಾಲ ನಿಮ್ಮ ಮಾವ ತಿಂತಾರಲ್ಲ, ಆ ಗುಳಿಗಿನ ಕೊಡಸ್ರಿ.”

ಎರಡೂ ಒಂದೇ ಗುಳಿಗೆ ಎಂದು ಆಣೆ ಮಾಡಿ ಹೇಳಿದೆ. ನಂಬಲಿಲ್ಲ. ನೌಕರಿ ಉಳಿಸಿಕೊಳ್ಳಲು ನಾನು ಸರ್ಕಾರದ ಪರ ಮಾತಾಡುತ್ತೇನೆ ಎಂದುಕೊಂಡಳು. “ನಿಮ್ಮ ಮಾವ ಹೇಳಿದ್ರ ತಿಂತೀನಿ” ಎಂದಳು. ಅವಳನ್ನು ಶೇರ್ ಆಟೋದಲ್ಲಿ ಕೂಡಿಸಿಕೊಂಡು ಶಹಾಪುರಕ್ಕೆ ಬಂದು ನೇರ ಮಾವನ ಮುಂದೆ ನಿಲ್ಲಿಸಿದೆ. ಸರ್ಕಾರದ ಪಟ್ಟಿಯಿಂದ ಒಂದು ಗುಳಿಗೆ ಬಿಡಿಸಿ, ಅವರ ಕವರಿನ ಗುಳಿಗೆಯ ಪಕ್ಕದಲ್ಲಿಟ್ಟೆ. “ಎರಡೂ ಒಂದ ಅವ ಮಾವ. ನಿಮಗ ಇಷ್ಟು ದಿನ ಕೊಟ್ಟದ್ದು ಇದನ್ನ” ಎಂದೆ.

ಅವರಿಗೆ ಸಿಡಿಲು ಬಡಿಯುತ್ತದೆ ಎಂದುಕೊಂಡಿದ್ದೆ. ಅವರು ಪೇಪರಿನಿಂದ ಕಣ್ಣನ್ನೂ ಪೂರ್ತಿ ತೆಗೆಯಲಿಲ್ಲ.

“ಗೊತ್ತದ” ಎಂದರು.

“ಏನು ಗೊತ್ತದ?”

“ಒಂದ ಮಾಲು ಎರಡು ಚೀಲದಾಗ ತುಂಬಿದ್ರ ನನಗ ತಿಳಿಯಂಗಿಲ್ಲೇನು? ಎರಡನೇ ತಿಂಗಳಾಗ ತಿಳಿದದ.”

“ಮತ್ತ ಸ್ಟೇಜ್ ಮ್ಯಾಲ ಸುಣ್ಣ ಅಂದ್ರಿ?”

“ಸ್ಟೇಜಿನ ಮಾತು ಸ್ಟೇಜಿಗಿ. ಅಲ್ಲಿ ನಿಂತು, ಸೊಸಿ ಪುಕ್ಕಟೆ ತಂದದ್ದು ತಿಂತೀನಿ ಅನ್ನಾಕ ಬರ್ತದೇನು?”

ಅದುವರೆಗೂ ಅವರನ್ನು ದಡ್ಡ ಎಂದುಕೊಂಡಿದ್ದೆ, ದಡ್ಡನ ಮೇಲೆ ಒಂದಿಷ್ಟು ಕನಿಕರವೂ ಇತ್ತು. ಆ ಕನಿಕರ ಅಲ್ಲೇ ಸತ್ತಿತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು. ಮಾವನನ್ನು ಮೇಲಿನಿಂದ ಕೆಳಗೆ, ಹುಳು ಬಿದ್ದ ಹತ್ತಿಯನ್ನು ನೋಡುವ ಹಾಗೆ ನೋಡಿದಳು.

“ನನ್ನ ತಲ್ಯಾಗಿನ ನರ ಒಡದಿದ್ರ ನಿಮ್ಮ ಸ್ಟೇಜ್ ಬಂದು ನನ್ನ ಮಕ್ಕಳ್ನ ನೋಡ್ತಿತ್ತೇನ್ರಿ?” ಎಂದಳು. ಅವರ ಮುಂದಿದ್ದ ತಂಬಿಗೆಯನ್ನೇ ಎತ್ತಿಕೊಂಡು ಪಟ್ಟಿಯಿಂದ ಬಿಡಿಸಿದ ಗುಳಿಗೆ ನುಂಗಿದಳು. ಮಾವ ಪೇಪರಿನ ಪುಟ ತಿರುಗಿಸಿದರು.

ಅಂದಿನಿಂದ ನಾನು ಕವರ್ ಹಚ್ಚುವುದನ್ನು ಬಿಟ್ಟೆ, ರೊಕ್ಕ ಕೇಳುವುದನ್ನೂ ಬಿಟ್ಟೆ. ಸರ್ಕಾರದ ಪಟ್ಟಿಯನ್ನೇ ಮೇಜಿನ ಮೇಲೆ ಇಡುತ್ತಿದ್ದೆ. ಅವರು ಮರುಮಾತಿಲ್ಲದೆ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನುಂಗುತ್ತಿದ್ದರು. ಸುರಪುರದಲ್ಲಿ ಇನ್ನೊಂದು ಸಂವಾದವಾದಾಗ ಹೋಗಿ ಮತ್ತೆ ಅದೇ ಸುಣ್ಣದ ಭಾಷಣ ಮಾಡಿ, ಅದೇ ಬಣ್ಣದ ಶಾಲು ಹೊದ್ದು ಬಂದರು. ಅಂದು ಅವರಿಗೆ ನಾನು ಊಟ ಬಡಿಸಲಿಲ್ಲ. ತಾವೇ ಹಾಕಿಕೊಂಡು ಉಂಡರು.

ಕಳೆದ ಚಳಿಗಾಲ ಅವರಿಗೆ ಕಫ ಕಟ್ಟಿತು. ಹಾಸಿಗೆ ಹಿಡಿದ ಮೇಲೆ ದಿನಾ ಮುಂಜಾನೆ “ಸೊಸಿ, ನಿನ್ನ ಗುಳಿಗಿ ಎಲ್ಲಿ?” ಎಂದು ಕೇಳುತ್ತಿದ್ದರು. ನನ್ನ ಗುಳಿಗಿಯಂತೆ! ಕೊನೆಯ ಉಸಿರಿನವರೆಗೂ ಸರ್ಕಾರದ್ದು ಎನ್ನಲು ನಾಲಿಗೆ ಹೊರಳಲಿಲ್ಲ. ಹೋದಾಗ ನನಗೆ ಅಳು ಬಂತು. ಇಷ್ಟು ವರ್ಷ ದಿನಾ ಮುಂಜಾನೆ ಯಾರ ಬಿಪಿ ನೋಡಿದ್ದೆನೋ ಆ ತೋಳು ತಣ್ಣಗಾಗಿತ್ತು. ಅಳುವಾಗಲೂ ಅವರ ಮೇಲಿನ ಸಿಟ್ಟು ಹೋಗಿರಲಿಲ್ಲ.

ಅದೇ ಮದುವೆ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ. ವೇದಿಕೆಯ ಅಧ್ಯಕ್ಷರು ಕಣ್ಣೊರೆಸಿಕೊಂಡು ಹೇಳಿದರು: “ತತ್ವ ಅಂದ್ರ ಅವರದು. ಸಾಯೋತನಕ ಸರ್ಕಾರದ ಒಂದು ಗುಳಿಗಿ ಮುಟ್ಟಲಿಲ್ಲ.” ಆಮೇಲೆ ಮನೆಯವರು ಎರಡು ಮಾತಾಡಲಿ ಎಂದು ಮೈಕನ್ನು ನನ್ನ ಗಂಡನ ಕಡೆ ಚಾಚಿದರು. ಗಂಡ ಎಂದಿನಂತೆ ಚಪ್ಪಲಿ ನೋಡಿದರು. ಮೈಕು ನಾನು ತೆಗೆದುಕೊಂಡೆ.

“ನಮ್ಮ ಮಾವ ಇಷ್ಟು ವರ್ಷ ಬದುಕಿದ್ದು ಸರ್ಕಾರದ ಪುಕ್ಕಟೆ ಗುಳಿಗಿ ತಿಂದು. ಕೊಟ್ಟಾಕಿ ನಾ. ಅವರಿಗೂ ಗೊತ್ತಿತ್ತು. ಯಾರಿಗಿ ಬೇಕು, ನಾಳಿ ಮುಂಜಾನಿ ನಮ್ಮ ದವಾಖಾನಿಗಿ ಬರ್ರಿ.”

ಬಂಧುಗಳು ಇಂದಿಗೂ ನನ್ನೊಂದಿಗೆ ಸರಿಯಾಗಿ ಮಾತಾಡುವುದಿಲ್ಲ.

ಆದರೆ ಮರುದಿನ ಮುಂಜಾನೆ ನಮ್ಮ ದವಾಖಾನೆಯ ಹಿಂದಿನ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಶಹಾಪುರದಿಂದ ಇಷ್ಟು ದೂರ, ತಲೆಗೆ ಟವಲ್ ಸುತ್ತಿಕೊಂಡು, ವೇದಿಕೆಯ ಅಧ್ಯಕ್ಷರೇ ಬಂದಿದ್ದರು.

“ನಂದೂ ಬಿಪಿ ಅದ್ರಿ ಸಿಸ್ಟರ್” ಎಂದರು ಪಿಸುದನಿಯಲ್ಲಿ. “ಮಾವನೋರಿಗಿ ಕೊಡ್ತಿದ್ರಲ್ಲ, ಹಂಗ ಒಂದು ಮೆಡಿಕಲ್ ಕವರಿನ್ಯಾಗ ಹಾಕಿ ಕೊಡ್ರಿ.”

ನಾನು ಉತ್ತರ ಕೊಡಬೇಕಾಗಿ ಬರಲಿಲ್ಲ. ಹೊರಗಿನ ಸಾಲಿನ ಕೊನೆಯಲ್ಲಿ ಹತ್ತಿ ಬಿಡಿಸುವ ಅಕ್ಕ ನಿಂತಿದ್ದಳು. ಅವಳು ಗೋಡೆಯ ಮೂಲೆಯಿಂದ ಬಗ್ಗಿ ಕಿಟಕಿಯ ಕಡೆ ನೋಡಿದಳು.

“ಈ ಕಡಿ ಬರ್ರಿ ಸಾಹೇಬ್ರ” ಎಂದಳು, ಊರಿಗೆಲ್ಲ ಕೇಳುವ ಹಾಗೆ. “ಲೈನು ಇಲ್ಲಿ ಅದ. ನಿಮ್ಮ ಪಾಳಿ ನನ್ನ ಹಿಂದ.”