ಹಳೇ ಸೀರೆಯ ಅಂಗಿ

ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲಕ್ಕೆ ಹೊಳೆನರಸೀಪುರದಲ್ಲಿ ಹೆಂಗಸರು ನಾಲ್ಕು ಜನ ಸೇರಿ ಕೂರುವ ಜಾಗ ಎಂದರೆ ಎರಡೇ. ಒಂದು ಹೊಳೆದಂಡೆ, ಇನ್ನೊಂದು ನಮ್ಮ ಬೀದಿಯ ಮಹಿಳಾ ಸಮಾಜ. ಹೊಳೆಯಲ್ಲಿ ಬಟ್ಟೆ ಒಗೆಯುವವರು, ಸಮಾಜದಲ್ಲಿ ಬಟ್ಟೆ ಹೊಲಿಯುವವರು. ನಮ್ಮವ್ವ ರಂಗಮ್ಮ ಎರಡೂ ಕಡೆ ಇರುತ್ತಿದ್ದಳು. ಆದರೆ ಸಮಾಜದಲ್ಲಿ ಅವಳ ಕೆಲಸ ಕಸ ಗುಡಿಸುವುದು, ನೀರು ತುಂಬುವುದು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದ ನಾನು ಅವಳ ಹಿಂದೆ ಹೋಗುತ್ತಿದ್ದೆ.

ಶನಿವಾರ ಮಧ್ಯಾಹ್ನ ಸಭೆ. ಉಪ್ಪಿಟ್ಟಿನ ಒಗ್ಗರಣೆ ವಾಸನೆ, ಅದರ ಜೊತೆಗೆ ಮಿಷನ್ ಎಣ್ಣೆಯ ವಾಸನೆ. ನನಗೆ ಉಪ್ಪಿಟ್ಟಿಗಿಂತ ಮಿಷನ್ ಮೇಲೇ ಆಸೆ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್, ಇಡೀ ಸಮಾಜಕ್ಕೆ ಒಂದೇ. ಅಧ್ಯಕ್ಷರು ವಕೀಲರ ಮನೆಯ ಶಾರದಮ್ಮನವರು. ಒಂದು ದಿನ ಧೈರ್ಯ ಮಾಡಿ ಅವರನ್ನು ಕೇಳಿದೆ.

"ಅಮ್ಮಾವ್ರೆ, ನಾನೂ ಒಂದ್ಸಲ ತುಳೀತೀನಿ."

"ಹೊಸ ಬಟ್ಟೆ ಕಣೇ ಗೌರಿ, ಹಾಳಾಗುತ್ತೆ. ದೊಡ್ಡೋಳಾಗು, ನೋಡೋಣ."

ಅವ್ವ ಪೊರಕೆ ನಿಲ್ಲಿಸದೆ, "ಅದ್ರ ಮೇಲೆ ಕೈ ಮಡಗಿದ್ರೆ ಮುರ್ದಾಕ್ತೀನಿ" ಅಂದಳು.

ಮನೆಯಲ್ಲಿ ಮಣೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಎರಡು ಪಾದ ಇಟ್ಟು ತುಳಿಯುತ್ತಾ ಕೂರುತ್ತಿದ್ದೆ. ಕುಂಟಾಬಿಲ್ಲೆಗೆ ಕರೆಯಲು ಬಂದ ಹುಡುಗಿಯರು, "ಇವ್ಳಿಗೆ ಕಾಲ್ನಡುಕ ಬಂದದೆ ಕಣ್ರೇ" ಎಂದು ನಕ್ಕು ಓಡಿದರು.

ಆ ವರ್ಷ ಸಮಾಜದವರು ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಕೂಸಿಗೂ ಒಂದು ಅಂಗಿ ಹೊಲಿದು ಕೊಡುವುದೆಂದು ತೀರ್ಮಾನ ಮಾಡಿದರು. ಹಾಲಿನಂಥ ಬಿಳಿ ಬಟ್ಟೆ, ಕತ್ತಿನ ಸುತ್ತ ಗುಲಾಬಿ ದಾರದ ಹೂವು. ಒಂದು ಬುಟ್ಟಿ ತುಂಬ ಆಯಿತು. ಅವ್ವ ಹೊತ್ತಳು, ನಾನು ಹಿಂದೆ, ಶಾರದಮ್ಮನವರು ಮುಂದೆ.

ಮೊದಲನೇ ಮಂಚದಲ್ಲಿ ಹರದನಹಳ್ಳಿಯ ಬಾಣಂತಿ. ಪಕ್ಕದಲ್ಲಿ ಕೂತಿದ್ದ ಅವಳ ಅತ್ತೆ ಅಂಗಿಯನ್ನು ಮುಟ್ಟಿ ನೋಡಿ ವಾಪಸ್ ಬುಟ್ಟಿಯಲ್ಲಿಟ್ಟಳು.

"ಸಂದಾಗದೆ. ನೀವೇ ಮಡೀಕಳಿ."

"ನಿಮಗೇ ಕೊಟ್ಟಿದ್ದಮ್ಮ."

"ಇರ್ಲಿ ಬುಡಿ ಅಮ್ಮಾವ್ರೆ, ಬ್ಯಾಡ."

ಎರಡನೇ ಮಂಚದಲ್ಲೂ ಬೇಡ, ಮೂರನೆಯದರಲ್ಲೂ ಬೇಡ. ಬುಟ್ಟಿ ಹೋದ ಹಾಗೇ ಬಂತು. ಶಾರದಮ್ಮನವರ ಮುಖ ಬಾಡಿತ್ತು. ಶನಿವಾರ ಸಭೆಯಲ್ಲಿ ಹೇಳಿದರು:

"ನಾವು ಹೊಲಿಯೋದು ಈ ಊರಿಗೆ ಬೇಡವಂತೆ. ಅರಕಲಗೂಡಿನ ಸಮಾಜದವರು ಮಿಷನ್ ಇದ್ದರೆ ಕೊಡಿ ಅಂತ ಕೇಳ್ತಾನೇ ಇದಾರೆ. ಕಳಿಸಿಬಿಡೋಣ."

ನಾನು ಉಪ್ಪಿಟ್ಟು ಅಲ್ಲೇ ಬಿಟ್ಟು ಎದ್ದೆ. ಅವ್ವನ ಸೆರಗು ಜಗ್ಗಿದೆ. ಅವಳಿಗೆ ಕಾರಣ ಗೊತ್ತಿತ್ತು, ಯಾರೂ ಕೇಳಿರಲಿಲ್ಲ, ಅದಕ್ಕೆ ಹೇಳಿರಲಿಲ್ಲ. ಇನ್ನೊಂದು ಸಲ ಜಗ್ಗಿದ ಮೇಲೆ ಬಾಯಿಬಿಟ್ಟಳು.

"ಬ್ಯಾಡ ಅಂತಲ್ಲ ಅಮ್ಮಾವ್ರೆ. ಎಳೇ ಕೂಸ್ಗೆ ಯಾರಾರ ಹೊಸಬಟ್ಟೆ ಹಾಕ್ತಾರಾ? ನಿಮ್ಮನೇಲಿ ಹಾಕಿದ್ರಾ?"

ಶಾರದಮ್ಮನವರು ಬುಟ್ಟಿಯಿಂದ ಒಂದು ಅಂಗಿ ಎತ್ತಿ ಮುಟ್ಟಿ ನೋಡಿದರು. "ಇಲ್ಲ. ನಮ್ಮತ್ತೆ ಸೀರೆ ಹರಿದು ಸುತ್ತಿದ್ವಿ."

"ಮತ್ತೆ?"

"ಬೇರೆಯವರಿಗೆ ಹಳೇದು ಕೊಟ್ಟರೆ ಏನು ತಿಳ್ಕೊಳ್ತಾರೆ ರಂಗಮ್ಮ?"

"ಹೊಸದು ಕೊಟ್ರೆ ಏನ್ ತಿಳ್ಕಂಡ್ರು ಅಂತ ನೋಡುದ್ರಲ್ಲ."

ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಕೂಸಿಗೆ ಹಳೇ ಬಟ್ಟೆಯೇ. ಹೊಸದು ಹಾಕಿದರೆ ದೃಷ್ಟಿ ಅನ್ನುತ್ತಿದ್ದರು, ಮೈಗೆ ಚುಚ್ಚುತ್ತದೆ ಅನ್ನುವುದೂ ಇತ್ತು. ಹೆಸರಿಡುವ ಹೊತ್ತಿಗೆ ಕೂಸು ಬೆಳೆದು ಸಮಾಜದ ಆ ಬಿಳಿ ಅಂಗಿ ಬಿಗಿಯಾಗಿರುತ್ತಿತ್ತು. ಇದು ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ತಮ್ಮ ಮಕ್ಕಳನ್ನು ಹಾಗೇ ಸಾಕಿದ್ದರು. ಕೊಡುವಾಗ ಮಾತ್ರ ಹೊಸದೇ ಕೊಡಬೇಕು ಅಂದುಕೊಂಡಿದ್ದರು. ಒಳ್ಳೆ ಮನಸ್ಸಿನವರೇ. ಮರೆವು, ಅಷ್ಟೆ.

ಮುಂದಿನ ಶನಿವಾರ ಶಾರದಮ್ಮನವರು ತಮ್ಮ ಅತ್ತೆಯ ನೂಲಿನ ಸೀರೆ ತಂದರು. ಒಗೆದು ಒಗೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಉಳಿದವರೂ ಒಂದೊಂದು ತಂದರು. ನಮ್ಮವ್ವ ತರಲಿಲ್ಲ. ಅವಳ ಹಳೇ ಸೀರೆ ಅವಳ ಮೈಮೇಲೇ ಇತ್ತು.

ಹೊಸ ಬಟ್ಟೆಗೆ ಪಳಗಿದ್ದವರ ಕಾಲಿಗೆ ಹಳೇ ಬಟ್ಟೆ ಬಗ್ಗಲಿಲ್ಲ. ಬಿರುಸಾಗಿ ತುಳಿದರೆ ನೆರಿಗೆ ಬೀಳುತ್ತಿತ್ತು, ಸೂಜಿಗೆ ಸಿಕ್ಕಿ ಪರ್ರನೆ ಹರಿಯುತ್ತಿತ್ತು. ಎರಡು ತುಂಡು ಹಾಳಾದವು. ನಾನು ಮಿಷನ್ ಪಕ್ಕ ಹೋಗಿ ನಿಂತೆ.

"ಅಮ್ಮಾವ್ರೆ, ಈಗ ಹಾಳಾದ್ರೂ ಹಳೇ ಬಟ್ಟೆ ತಾನೆ?"

ಅವರು ನನ್ನ ಮುಖ ನೋಡಿದರು. ಆಮೇಲೆ ನಕ್ಕರು. "ಇವಳ ಬಾಯಿ ನೋಡು. ಕೂತ್ಕೋ."

ಅವ್ವ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಳು. ಮೊದಲನೇ ಸಲ ಚಕ್ರ ಹಿಂದಕ್ಕೆ ತಿರುಗಿ ದಾರ ಗಂಟಾಯಿತು. ಎರಡನೇ ಸಲ ಹೊಲಿಗೆ ಹಾವಿನ ಹಾಗೆ ಹೋಯಿತು. ಮೂರನೇ ಸಲ ನೆಟ್ಟಗೆ ಬಂತು. ಜಾಣತನವೇನಲ್ಲ. ಹೆದರಿಕೆಗೆ ನಿಧಾನವಾಗಿ ತುಳಿದಿದ್ದೆ, ಹಳೇ ಬಟ್ಟೆಗೆ ಬೇಕಿದ್ದದ್ದು ಅದೇ.

ಆಸ್ಪತ್ರೆಗೆ ಮತ್ತೆ ಹೋದೆವು. ಅದೇ ಮೊದಲನೇ ಮಂಚ, ಈಗ ಬೇರೆ ಬಾಣಂತಿ. ಅವಳ ತಾಯಿ ನಾನು ಹೊಲಿದ ಅಂಗಿಯನ್ನು ಕೆನ್ನೆಗೆ ಉಜ್ಜಿ ನೋಡಿದಳು.

"ಯಾರ್ ಸೀರೆಯವ್ವಾ ಇದು?"

"ಬಾಳಿ ಬದುಕ್ದೋರ್ದು. ಹಾಕು" ಎಂದಳು ಅವ್ವ.

"ಹೊಲ್ದೋರ್ಯಾರು?"

ಅವ್ವ ನನ್ನನ್ನು ಭುಜದಿಂದ ಮುಂದಕ್ಕೆ ನೂಕಿದಳು. "ಇವ್ಳೆಯ. ಒಂದ್ ತೋಳು ಉದ್ದ ಆಗದೆ, ಮಡ್ಚ್ಕೊ."

ಆ ಹೆಂಗಸು ಮಡಚಿ ಅಲ್ಲೇ ಕೂಸಿಗೆ ಹಾಕಿದಳು. ಸಾಂಬ್ರಾಣಿ, ಹರಳೆಣ್ಣೆ ವಾಸನೆಯ ಆ ಕೂಸು ಕಣ್ಣು ಕೂಡ ಬಿಡಲಿಲ್ಲ. ಮಿಷನ್ ಅರಕಲಗೂಡಿಗೆ ಹೋಗಲಿಲ್ಲ. ನಮ್ಮವ್ವ ಜೀವಮಾನದಲ್ಲಿ ನನ್ನನ್ನು ಹೊಗಳಿದ್ದು ಆ ತೋಳಿನ ಮಾತೊಂದೇ, ಅದನ್ನು ಹೊಗಳಿಕೆ ಅನ್ನುವುದಾದರೆ.

ಮುಂದೆ ಹೊಲಿಗೆಯಿಂದಲೇ ನನ್ನ ಸಂಸಾರ ನಡೆಯಿತು. ಹೋದ ತಿಂಗಳು ಮೊಮ್ಮಗಳಿಗೆ ಹಾಸನದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣು. ಡಬ್ಬಿಯಲ್ಲಿ ಹೊಸ ಬಟ್ಟೆಗಳ ಸೆಟ್ಟು ಬಂದಿತ್ತು. ಅವಳೇ ಫೋನ್ ಮಾಡಿ, "ಅಜ್ಜಿ, ಪಾಪುಗೆ ನಿನ್ನ ಹಳೇ ಕಾಟನ್ ಸೀರೆ ತಗೊಂಡ್ಬಾ" ಅಂದಳು. ಟ್ರಂಕು ಬೋರಲು ಹಾಕಿ ಹುಡುಕಿದೆ. ಇಪ್ಪತ್ತು ವರ್ಷ ಉಟ್ಟ ಸೀರೆಗಳಿವೆ, ಒಂದೂ ಹಳೇದಾಗಿಲ್ಲ. ಎಲ್ಲ ಪಾಲಿಯೆಸ್ಟರ್. ಹರಿಯುವುದಿಲ್ಲ, ಸವೆಯುವುದಿಲ್ಲ, ಮೆತ್ತಗಾಗುವುದಿಲ್ಲ.

ಸಮಾಜ ಈಗಲೂ ಇದೆ. ಹೊಸ ಬೋರ್ಡು ಹಾಕಿದ್ದಾರೆ, ಕಣ್ಣಿನ ತಪಾಸಣೆ ಮಾಡಿಸುತ್ತಾರೆ, ಒಳ್ಳೆ ಹುಡುಗಿಯರು. ಮಿಷನ್ ಮೂಲೆಯಲ್ಲಿದೆ, ಮೇಲೆ ಹೂಕುಂಡ ಇಟ್ಟಿದ್ದಾರೆ. ಮೊನ್ನೆ ಹಳಬಳು ಅಂತ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಮನೆಗೆ ತಂದು ಅದರ ತುದಿಯನ್ನು, ಆಸ್ಪತ್ರೆಯಿಂದ ನಮ್ಮಲ್ಲಿಗೇ ಬಂದಿದ್ದ ಮರಿಮಗಳ ಕೆನ್ನೆಗೆ ತಾಗಿಸಿ ನೋಡಿದೆ. ಮುಖ ಕಿವುಚಿದಳು. ಶಾಲು ಮಡಚಿ ಟ್ರಂಕಿನಲ್ಲಿ ಆ ಪಾಲಿಯೆಸ್ಟರ್ ಸೀರೆಗಳ ಜೊತೆ ಇಟ್ಟೆ.