ಹಾಫ್ ಕ್ಲಚ್ ಅಲ್ಲ, ಹುರುಳಿ

“ಮೇಡಂ, ನಿಮ್ ಗಾಡಿಯಿಂದ ಏನೋ ಸುಟ್ಟ ವಾಸ್ನೆ ಬತ್ತಾ ಐತೆ. ಯಾರಾದ್ರೂ ಗಂಡಸ್ರನ್ನ ಕರೀಲಾ?”

ಇವತ್ತು ಬೆಳಿಗ್ಗೆ ಹಾಸನದ ಕಣ್ಣಾಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ ಇಳಿಯುತ್ತಿದ್ದ ಹಾಗೆ ಅಲ್ಲಿನ ಸೆಕ್ಯೂರಿಟಿಯವನು ನನ್ನನ್ನು ಕೇಳಿದ್ದು ಇದನ್ನು. ಮೂಗು ನನಗೂ ಇದೆ. ಹುರುಳಿ ಬೇಯಿಸಲು ಇಟ್ಟು ಮರೆತಾಗ ಪಾತ್ರೆಯ ತಳ ಹಿಡಿಯುತ್ತದಲ್ಲ, ಆ ಸೀದ ವಾಸನೆಗೆ ಸ್ವಲ್ಪ ಹೊಗೆ ಬೆರೆಸಿದರೆ ಹೇಗೋ ಹಾಗಿತ್ತು. ಬೇಡಪ್ಪ ಎಂದೆ. ಪಕ್ಕದ ಸೀಟಿನಲ್ಲಿ ಒಬ್ಬರು ಕೂತಿದ್ದರು, ಇನ್ನೂ ಇಳಿದಿರಲಿಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ವಾಸನೆಯ ಕಥೆ ಕೇಳಿ.

ಈ ಕಾರು ನಮ್ಮ ಯಜಮಾನರದು. ಅವರು ತೀರಿಕೊಂಡ ಮೇಲೆ ಅದು ಹೊಳೆನರಸೀಪುರದ ನಮ್ಮ ಮನೆ ಮುಂದೆ ಧೂಳು ಹೊದ್ದುಕೊಂಡು ನಿಂತಿತ್ತು. ಕೂದಲು ನೆರೆಯುವ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ದೊಡ್ಡ ಚಾಲಕಿ ಎಂದು ಕೊಚ್ಚಿಕೊಳ್ಳುವುದಿಲ್ಲ. ರಿವರ್ಸ್ ಹಾಕಿದರೆ ಈಗಲೂ ಬೀದಿಯವರೆಲ್ಲ ಹೊರಗೆ ಬಂದು ಕೈ ಆಡಿಸುತ್ತಾರೆ, ಒಬ್ಬೊಬ್ಬರದು ಒಂದೊಂದು ದಿಕ್ಕು. ಆದರೆ ಅರಕಲಗೂಡಿನ ಸ್ಕೂಲಿಗೆ ಪಾಠಕ್ಕೆ ಹೋಗಲು ಬಸ್ಸಿನ ದಾರಿ ಕಾಯುವುದು ತಪ್ಪಿತು. ಮನಸ್ಸಾದರೆ ಸಂಜೆ ರುದ್ರಪಟ್ಟಣಕ್ಕೆ ಹೋಗಿ ಸಂಗೀತ ಕಚೇರಿ ಕೇಳಿ, ಯಾರನ್ನೂ ಹಾದಿ ಕಾಯಿಸದೆ ವಾಪಸ್ಸು ಬರುತ್ತಿದ್ದೆ. ಅದಕ್ಕೆ ಮುಂಚೆ ಎಲ್ಲಿಗೆ ಹೋಗಬೇಕಾದರೂ ಭಾವನವರಿಗೆ, ಅಂದರೆ ನಮ್ಮ ಯಜಮಾನರ ಅಣ್ಣನಿಗೆ, ಹೇಳಿ ಕೇಳಿ ಹೋಗಬೇಕಿತ್ತು. ಅವರೇನು ಕೆಟ್ಟವರಲ್ಲ. ಎಲ್ಲದಕ್ಕೂ ತಮ್ಮನ್ನು ಕೇಳಬೇಕು ಎನ್ನುವವರು, ಅಷ್ಟೇ. ಕಾರಿನ ಮಾತು ಬಂದಾಗಲೆಲ್ಲ ‘ನಮ್ ತಮ್ಮನ ಗಾಡಿ’ ಎನ್ನುವರು. ನನ್ನ ಗಾಡಿ ಎಂದು ಒಮ್ಮೆಯೂ ಅಂದವರಲ್ಲ.

ಭಾವನವರ ಊರು ಹಾಸನದ ದಾರಿಯಲ್ಲಿ, ಮೊಸಳೆ ಎಂಬ ಊರಿನ ಪಕ್ಕ. ಸುಗ್ಗಿ ಬಂತೆಂದರೆ ನಮ್ಮ ಕಡೆ ಟಾರು ರಸ್ತೆಯೇ ಕಣ. ಹುರುಳಿ ಗಿಡ ಕಿತ್ತು ತಂದು ಮೊಣಕಾಲುದ್ದ ಹರಡುತ್ತಾರೆ, ಬಸ್ಸು ಲಾರಿ ಕಾರುಗಳು ಅದರ ಮೇಲೆ ಹಾದು ಕಾಳು ಉದುರಿಸಿಕೊಡಬೇಕು. ಜಾಣರು ಪಕ್ಕದಲ್ಲಿ ನುಸುಳಿಕೊಂಡು ಹೋಗದಿರಲೆಂದು ಅಂಚಿಗೆ ಕಲ್ಲು ಇಡುವ ಪದ್ಧತಿಯೂ ಉಂಟು. ಎಷ್ಟೋ ವರ್ಷದ ಹಿಂದೆ, ಒಂದು ಸುಗ್ಗಿಯಲ್ಲಿ ಭಾವನವರ ಊರಿನ ರಸ್ತೆಯಲ್ಲಿ ವಾಹನ ಕಡಿಮೆ. ಹಬ್ಬಕ್ಕೆಂದು ಹೋದ ನನ್ನನ್ನು ಮನೆಯೊಳಗೆ ಕಾಲಿಡಲೂ ಬಿಡದೆ, ತಮ್ಮನ ಗಾಡಿ ಇದೆಯಲ್ಲ, ನಾಲ್ಕು ಸುತ್ತು ಓಡಿಸಿಕೊಡು ಎಂದರು. ಓಡಿಸಿದೆ. ಸುಳ್ಳೇಕೆ ಹೇಳಲಿ, ಖುಷಿಯಾಗಿಯೇ ಓಡಿಸಿದೆ. ಒಂದು ಸುತ್ತಿನಲ್ಲಿ ಕಾರಿನ ಹೊಟ್ಟೆಯ ಕೆಳಗೆ ಠಣ್ ಎಂದಿತು. ಅಂಚಿನ ಕಲ್ಲೊಂದು ಹುರುಳಿಯೊಳಗೆ ಹೂತುಹೋಗಿತ್ತು. ಬ್ರೇಕ್ ಹಾಕಿ ತಲೆ ಹೊರಗೆ ಹಾಕಿದೆ. ಭಾವನವರು ಬಗ್ಗಿಯೂ ನೋಡಲಿಲ್ಲ.

“ಏನಾಗಕಿಲ್ಲ ಕಣವ್ವ, ಓಡ್ಸು,” ಎಂದರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಅರಕಲಗೂಡಿನ ದಾರಿಯ ಏರಿನಲ್ಲಿ ಕಾರು ಉಬ್ಬಸದವರ ಹಾಗೆ ಏದುಸಿರು ಬಿಡತೊಡಗಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ವೇಗ ಏರದು. ತೆಂಗಿನಕಾಯಿ ತುಂಬಿಕೊಂಡ ಲಗೇಜ್ ಆಟೋ ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕಿ ಹೋಯಿತು. ಕೇಳಿದವರೆಲ್ಲ ಒಂದೇ ರೋಗ ಹೇಳಿದರು: ಹಾಫ್ ಕ್ಲಚ್. ಕ್ಲಚ್ ಮೇಲಿಂದ ಕಾಲು ತೆಗೆಯುವುದಿಲ್ಲ ಮೇಡಂ ನೀವು, ಹೆಂಗಸರು ಓಡಿಸಿದರೆ ಹೀಗೇ. ನಮ್ಮ ಹೆಡ್ ಮಾಸ್ಟರು ಅಂದರು, ಹಾಲಿನವನು ಅಂದ, ಜನ್ಮದಲ್ಲಿ ಸೈಕಲ್ಲೂ ತುಳಿಯದ ಪಕ್ಕದ ಮನೆಯ ಜೋಯಿಸರೂ ಅಂದರು. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಏನೂ ಗುಣ ಕಾಣದೆ ಕೊನೆಗೆ ಅವನೂ ಕ್ಲಚ್ಚಿಗೇ ಬಂದು ನಿಂತ. ಸುದ್ದಿ ಭಾವನವರಿಗೆ ಮುಟ್ಟಿತು. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರನ್ನು ಗೊತ್ತು ಮಾಡಿ, ಭಾನುವಾರ ಗಾಡಿ ತಗೊಂಡು ಬಾ, ಪೂರ್ತಿ ಹಾಳಾಗುವ ಮೊದಲು ಮಾರಿಬಿಡೋಣ ಎಂದು ಫೋನ್ ಮಾಡಿದರು.

ನನಗೆ ಅಳು ಬಂತು. ಅದಕ್ಕಿಂತ ಮುಂಚೆ ಸಿಟ್ಟು ಬಂತು. ಕಾರು ಹೋದರೆ ನಾನು ಮತ್ತೆ ಹೇಳಿ ಕೇಳಿ ಹೊರಡುವವಳಾಗುತ್ತೇನೆ. ಹೋಗುವುದಾದರೆ ಹೋಗಲಿ, ಆದರೆ ನಾನು ಮಾಡದ ತಪ್ಪಿಗೆ ಹೋಗಕೂಡದು ಎಂದು ಹಟ ಹಿಡಿದು ಕೂತೆ. ಪಾಠ ಮಾಡುವುದು ಕನ್ನಡವಾದರೂ ತಲೆ ಅಂತ ಒಂದಿದೆಯಲ್ಲ. ಕ್ಲಚ್ ಸವೆದಿದ್ದರೆ ಇಂಜಿನ್ ಕೂಗಬೇಕು, ಗಾಡಿ ಮಾತ್ರ ಮುಂದೆ ಹೋಗಬಾರದು. ನನ್ನದರಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಒತ್ತಿದರೂ ಇಂಜಿನ್ನೇ ಬಾಯಿಬಿಟ್ಟು ಕೂಗುತ್ತಿರಲಿಲ್ಲ. ನಮ್ಮ ಬಚ್ಚಲಿನ ಹಂಡೆ ಒಲೆಯ ಹೊಗೆ ಕೊಳವೆ ಕಟ್ಟಿಕೊಂಡಾಗ ಒಣ ಸೌದೆ ಇಟ್ಟರೂ ಉರಿ ಏಳುತ್ತಿರಲಿಲ್ಲ, ಅದು ನೆನಪಾಯಿತು. ಜೋಯಿಸರ ಮಗನ ಕಾರು ಸ್ಟಾರ್ಟ್ ಮಾಡಿಸಿ, ಅದರ ಸೈಲೆನ್ಸರ್ ಬಾಯಿಗೆ ಕರ್ಚೀಫ್ ಹಿಡಿದೆ. ಪಟಪಟ ಹಾರಿತು. ನನ್ನ ಕಾರಿಗೆ ಹಿಡಿದೆ. ತುದಿ ಅಲ್ಲಾಡಿತು, ಅಷ್ಟೇ. ಜೋಯಿಸರು ಕಿಟಕಿಯಲ್ಲಿ ನಿಂತು, ಪಾಪ, ನನ್ನ ಬುದ್ಧಿಯ ಬಗ್ಗೆ ಚಿಂತೆ ಮಾಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಮನೆ ಬಾಗಿಲು ತಟ್ಟಿ, ಸೈಲೆನ್ಸರಿಗಿಂತ ಮುಂಚಿನ ಪೈಪು ಬಿಚ್ಚಿ ನೋಡು ಎಂದೆ. ಕಿವಿ ಕಿತ್ತು ಹೋಗುವ ಸೌಂಡ್ ಬರುತ್ತದೆ ಮೇಡಂ, ಜನ ನೋಡುತ್ತಾರೆ ಎಂದ. ನೋಡಲಿ ಬಿಡು ಎಂದೆ. ಗೊಣಗಿಕೊಂಡು ಕಾರಿನಡಿ ತೂರಿ ನಟ್ಟು ಬಿಚ್ಚಿದ. ಆಮೇಲೆ, ಬನ್ನಿ ಮೇಡಂ, ನೀವೇ ನೋಡಿ ಎಂದ. ಸೆರಗು ಸಿಕ್ಕಿಸಿಕೊಂಡು ಬಗ್ಗಿದೆ. ಪೈಪು ನಡುವೆ ಜಜ್ಜಿ ಚಪ್ಪಟೆಯಾಗಿತ್ತು, ಹೊಗೆ ಹೊರಬೀಳಲು ಸಣ್ಣ ಸಂದಿಯಷ್ಟೇ ಉಳಿದಿತ್ತು. ಜಜ್ಜಿದ ಕಡೆ ಹುರುಳಿ ಬಳ್ಳಿ ಸುತ್ತಿಕೊಂಡು ಕರಿಕಾಗಿತ್ತು.

ಹೊಸ ಪೈಪು ಬರಲು ಎರಡು ದಿನ ಬೇಕು ಎಂದ. ನಾನು ಕಾಯಲಿಲ್ಲ. ಜಜ್ಜಿದ್ದಕ್ಕೆ ಮುಂಚಿನ ಜಾಯಿಂಟ್ ಬಿಚ್ಚಿಸಿ, ಕಿಟಕಿಗಳನ್ನೆಲ್ಲ ಇಳಿಸಿ ಹೊರಟೆ. ಅಬ್ಬಬ್ಬಾ, ಏನು ಸದ್ದು! ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಜನ ಅಂಗಡಿಯಿಂದ ಇಳಿದು ನೋಡಿದರು. ಒಂದು ವಾರದಿಂದ ಏರು ಕಂಡರೆ ಏದುಸಿರು ಬಿಡುತ್ತಿದ್ದ ಕಾರು ಮೊಸಳೆ ದಾರಿಯ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು. ಹಿಂದೆ ಉಳಿದ ಲಗೇಜ್ ಆಟೋಗೆ ನಾನೂ ಒಂದು ಹಾರ್ನ್ ಹೊಡೆದೆ. ಅದು ಆ ಆಟೋ ಅಲ್ಲದಿರಬಹುದು, ಆದರೂ ಹೊಡೆದೆ.

ಭಾವನವರ ಮನೆ ಮುಂದೆ ನಿಂತಾಗ ಊರ ನಾಯಿಗಳೆಲ್ಲ ಹಿಂದೆ ಬಂದಿದ್ದವು. ವ್ಯಾಪಾರಿ ಕಾಫಿ ಲೋಟ ಹಿಡಿದುಕೊಂಡೇ ಎದ್ದು ನಿಂತಿದ್ದರು. ನಾನು ಸೀಟಿನ ಮೇಲಿಟ್ಟಿದ್ದ ಕರಿಕಾದ ಹುರುಳಿ ಬಳ್ಳಿ ತಂದು ಜಗಲಿಯ ಮೇಲೆ ಹಾಕಿದೆ.

“ಠಣ್ ಅಂದಾಗ ಏನಾಗಕಿಲ್ಲ ಓಡ್ಸು ಅಂದೋರು ಯಾರು ಭಾವ?”

ಭಾವನವರು ಬಳ್ಳಿ ಮುಟ್ಟಿ ನೋಡಿದರು. ಹುರುಳಿ ಎಲ್ಲರ ಹೊಲದಲ್ಲೂ ಬೆಳೆಯುತ್ತದೆ ಎಂದರು, ಆದರೆ ಜೋರಾಗಿ ಅನ್ನಲಿಲ್ಲ. ನಾನು ವ್ಯಾಪಾರಿಗೆ, ಗಾಡಿ ಮಾರುವುದಿಲ್ಲ, ಕಾಫಿ ಕುಡಿದು ಹೋಗಿ ಎಂದೆ.

ಅದಾಗಿ ಎಷ್ಟೋ ಸುಗ್ಗಿ ಕಳೆದವು. ಇವತ್ತು ಬೆಳಿಗ್ಗೆ ಭಾವನವರನ್ನು ಕರೆದೊಯ್ಯಲು ಅವರ ಊರಿಗೆ ಹೋದಾಗ ಅದೇ ರಸ್ತೆಯಲ್ಲಿ ಹುರುಳಿ ಹರಡಿತ್ತು, ಅಂಚಿನಲ್ಲಿ ಕಲ್ಲುಗಳು. ಇಂಜಿನ್ ಆರಿಸದೆ ನಿಂತೆ. ಭಾವನವರು ಮಂಜುಗಣ್ಣಿನಲ್ಲಿ ತಡವರಿಸುತ್ತ ಒಂದೊಂದೇ ಕಲ್ಲು ಎತ್ತಿ ಪಕ್ಕಕ್ಕಿಟ್ಟರು. ಇಳಿದು ನೆರವಾಗಬೇಕು ಅನ್ನಿಸಿತು. ಇಳಿಯಲಿಲ್ಲ. ದಾರಿ ಪೂರಾ ಬಿಡಿಸಿದ ಮೇಲೆ ಬಂದು ಪಕ್ಕದ ಸೀಟಿನಲ್ಲಿ ಕೂತರು, ಹುರುಳಿಯ ಮೇಲೇ ಹಾದು, ಕಣ್ಣು ತೋರಿಸಲು ಹಾಸನಕ್ಕೆ ಹೊರಟೆವು.

ಆಸ್ಪತ್ರೆಯ ಮುಂದೆ ಅವರು ಇಳಿದದ್ದು ಕಂಡು ಸೆಕ್ಯೂರಿಟಿಯವನಿಗೆ ಜೀವ ಬಂದ ಹಾಗಾಯಿತು. ನನ್ನನ್ನು ಬಿಟ್ಟು ಅವರ ಹತ್ತಿರ ಓಡಿ, ಸಾ, ನೀವಾದ್ರೂ ಸ್ವಲ್ಪ ನೋಡಿ ಸಾ ಎಂದ.

ಭಾವನವರು ಬಾಗಿಲು ಹಿಡಿದು ನಿಂತರು.

“ನನ್ನ ಯಾಕಯ್ಯ ಕೇಳ್ತೀಯ? ಗಾಡಿ ಅವಳ್ದು. ಅವಳ್ನ ಕೇಳು.”

ಬಿಸಿ ಆರಲಿ ಎಂದು ಕಾದು, ಸೆರಗು ಸಿಕ್ಕಿಸಿ ಬಗ್ಗಿದೆ. ಹುರುಳಿ ಹೊಟ್ಟು ಕೈತುಂಬ ಬಂತು.